ಮೂರು ಎಣಿಸುವಷ್ಟು ಹೊತ್ತು

"ಯಾರದ್ದಾದರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿ ತೊರ್ಸ್ತಿ ಹಾಪಕೋಸ್ಕಿ ಮನಸ್ಸಿನಲ್ಲೇ ಮೂರರ ತನಕ ಎಣಿಸಿದ.

ಮೇಜಿನ ಸುತ್ತ ಕೂತಿದ್ದ ಮೂವರೂ ಲೋಟದೊಳಗೆ ನೊಣ ಬಿದ್ದಿದೆಯೇನೋ ಎಂಬಂತೆ ತಂತಮ್ಮ ಕಾಫಿಯನ್ನೇ ನೋಡುತ್ತಿದ್ದರು. ಮರ ಸಾಗಣೆಯ ಉಸ್ತುವಾರಿ ನೋಡುವ ರೈಲಿ, ಸರೋವರದ ಮಂಜುಗಡ್ಡೆಯ ದಪ್ಪ ಅಳೆಯುವ ಮುದುಕ ತೌನೊ, ಲಾರಿ ಓಡಿಸುವ ವೆಸಾ. ಒಂದು, ಎರಡು, ಮೂರು. 

"ಸರಿ ಹಾಗಾದರೆ. ಶುಕ್ರವಾರದ ತನಕ ನೇರ ದಾರಿಯಲ್ಲೇ, ಪೂರ್ತಿ ಲೋಡು."

"ಆಯ್ತು, ಜನರಲ್ ಸಾಹೇಬ್ರೆ" ಎಂದ ವೆಸಾ. ಮೂವರೂ ಎದ್ದು ಹೋದರು. ತೌನೊ ಮಾತ್ರ ಬಾಗಿಲ ಬಳಿ ಒಂದು ಗಳಿಗೆ ನಿಂತು, ಟೋಪಿಯನ್ನು ಎರಡು ಸಲ ತಿರುವಿ ನೋಡಿ, ತಲೆಗೆ ಹಾಕಿಕೊಂಡು ಹೊರಟ.

ಮೂವತ್ತಾರು ವರ್ಷ ಫಿನ್‌ಲ್ಯಾಂಡಿನ ಸೈನ್ಯದಲ್ಲಿ ದುಡಿದು, ಮೇಜರ್ ಜನರಲ್ ಆಗಿ ನಿವೃತ್ತನಾದ ತೊರ್ಸ್ತಿ ಈ ಸಾಮಿಲ್ಲಿನ ಮುಖ್ಯಸ್ಥನಾಗಿ ಬಂದು ಎಂಟು ತಿಂಗಳಾಗಿತ್ತು. "ನಮ್ಮ ಜನ ಒಳ್ಳೆಯವರೇ, ಆದ್ರೆ ಹೇಳೋರು ಕೇಳೋರು ಇಲ್ದೆ ಸಡಿಲ ಆಗ್ಬಿಟ್ಟಿದಾರೆ" ಎಂದು ಮಾಲೀಕರು ಕರೆತಂದಿದ್ದರು. ಬಂದವನೇ ಎಲ್ಲರ ಕೈಕುಲುಕಿ "ನನ್ನನ್ನ ತೊರ್ಸ್ತಿ ಅಂತ ಕರೀರಿ" ಎಂದಿದ್ದ. ಪಾದ್ರಿಯನ್ನೂ ಡಾಕ್ಟರನ್ನೂ ಏಕವಚನದಲ್ಲೇ ಮಾತಾಡಿಸುವ ಊರು ಅದು. ಆದರೂ ಇವನೊಬ್ಬನಿಗೆ ಮಾತ್ರ ಬಹುವಚನ, ಅದರ ಮೇಲೆ 'ಸಾಹೇಬ್ರೆ' ಬೇರೆ. ಮರ್ಯಾದೆಗೆ ಹಾಗನ್ನುತ್ತಾರೆ ಎಂದು ಮೊದಮೊದಲು ಒಳಗೊಳಗೇ ಹಿಗ್ಗಿದ್ದ. ಈಚೆಗೆ ಅದು ಮುಖದ ಮೇಲೆ ಬಾಗಿಲು ಹಾಕಿದಂತೆ ಕೇಳಿಸತೊಡಗಿತ್ತು.

ಈ ವರ್ಷ ಮಾರ್ಚ್ ಮೊದಲ ವಾರಕ್ಕೇ ಸೂರುಗಳಿಂದ ನೀರು ತೊಟ್ಟಿಕ್ಕತೊಡಗಿತ್ತು. ಸರೋವರದ ನಡುವಿನ ದ್ವೀಪದಲ್ಲಿ ಕಡಿದಿಟ್ಟ ಮರ ಇನ್ನೂ ಅರವತ್ತು ಲೋಡು ಬಾಕಿ. ಮಂಜುಗಡ್ಡೆ ಒಡೆಯುವುದರೊಳಗೆ ಅದು ಈಚೆ ದಡಕ್ಕೆ ಬರಬೇಕು. ಬರದಿದ್ದರೆ ಬೇಸಿಗೆಯಲ್ಲಿ ಹುಳು ಹಿಡಿಯುತ್ತದೆ, ಸಾಮಿಲ್ಲಿಗೆ ಕೊಯ್ಯಲು ಮರವಿಲ್ಲದೆ ನಲವತ್ತು ಜನ ಮನೆಯಲ್ಲಿ ಕೂರಬೇಕಾಗುತ್ತದೆ. ಆ ನಲವತ್ತು ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ತೊರ್ಸ್ತಿಗೆ ವಾರದಿಂದ ನಿದ್ದೆ ಸರಿಯಾಗಿರಲಿಲ್ಲ.

ದ್ವೀಪಕ್ಕೆ ದಾರಿ ಎರಡಿದ್ದವು. ಒಂದು ನೇರವಾಗಿ, ಊರವರು 'ಗಂಟಲು' ಎನ್ನುವ ಇಕ್ಕಟ್ಟಿನ ಮೂಲಕ. ಹದಿನೈದೇ ನಿಮಿಷ. ಇನ್ನೊಂದು ಹರಕ್ಕಾ ಎಂಬ ಬಂಡೆಗುಡ್ಡೆಯನ್ನು ಬಳಸಿಕೊಂಡು. ಮುಕ್ಕಾಲು ಗಂಟೆ. ಜನವರಿಯಲ್ಲೇ ತೊರ್ಸ್ತಿ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಇನ್ನು ಮೇಲೆ ನೇರ ದಾರಿ ಮಾತ್ರ ಎಂದು ಹೇಳಿದ್ದ. ಆಗಲೂ ಆಕ್ಷೇಪಣೆ ಕೇಳಿದ್ದ. ಆಗಲೂ ಮೂರರ ತನಕ ಎಣಿಸಿದ್ದ. ಅಲ್ಲಿಂದೀಚೆಗೆ ಡ್ರೈವರುಗಳು ಯಾರೂ ಹೇಳದೆಯೇ ಬೆಳಿಗ್ಗೆ ಐದಕ್ಕೇ ಕೆಲಸ ಶುರುಮಾಡುತ್ತಿದ್ದರು. ಶಿಸ್ತು ಅಂದರೆ ಇದು ಎಂದು ಮಾಲೀಕರ ಎದುರು ಅವನು ಎದೆಯುಬ್ಬಿಸಿ ಹೇಳಿಕೊಂಡದ್ದೂ ಉಂಟು.

ಒಂಬತ್ತಕ್ಕೆ ಕಾಫಿ ವಿರಾಮ. ತೊರ್ಸ್ತಿ ಕ್ಯಾಂಟೀನಿಗೆ ಇಳಿದು ಬಂದ. ಮೂವತ್ತು ವರ್ಷದಿಂದ ಅಲ್ಲಿ ಕಾಫಿ ಸುರಿಯುತ್ತಿದ್ದ ಲೆಂಪಿ ಎಂಬಾಕೆ ಯಾರ ಹಂಗಿಗೂ ಬಿದ್ದವಳಲ್ಲ. ಜನರಲ್‌ಗೆ ಏಕವಚನ ಬಳಸುವ ಒಂದೇ ಜೀವ ಅವಳು.

"ತೌನೊಗೆ ಏನಂದೆ ನೀನು?" ಎಂದಳು, ಲೋಟವನ್ನು ಕುಕ್ಕಿ ಇಡುತ್ತ.

"ಏನೂ ಅನ್ನಲಿಲ್ಲವಲ್ಲ. ಯಾಕೆ?"

"ಕಾಫಿ ಕುಡೀದೆ ಹೋದ ಕಣಪ್ಪ. ಹೆಂಡ್ತಿ ಸತ್ತ ದಿನಾನೂ ಬಂದು ಕುಡಿದು ಹೋಗಿದ್ದೋನು. ನಿನ್ನೆ ಭಾನುವಾರ ಸರೋವರದಿಂದ ಬಂದ್ನಲ್ಲ, ಬೂಟು ಮೊಣಕಾಲ ತನಕ ಒದ್ದೆ. ಯಾಕೋ ಅಂದ್ರೆ, ಗಂಟಲು ಕೆಮ್ತಾ ಇದೆ ಅಂದ, ಅಷ್ಟೆ. ಆಮೇಲೆ ಬಾಯಿಗೆ ಬೀಗ."

ತೊರ್ಸ್ತಿ ಮುರಿಯುತ್ತಿದ್ದ ಬನ್ನನ್ನು ಕೆಳಗಿಟ್ಟ. "ಸಭೆಯಲ್ಲಿ ಹೇಳಬಹುದಿತ್ತಲ್ಲ? ನಾನು ಕೇಳಿದೆ. ಎಲ್ಲರನ್ನೂ ಕೇಳಿದೆ."

"ಏನಂತ ಕೇಳ್ದೆ?"

"ಆಕ್ಷೇಪಣೆ ಇದೆಯಾ ಅಂತ."

ಲೆಂಪಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಯ್ಯ, ನಮ್ಮೂರ ಗಂಡಸ್ರನ್ನ ಉಪ್ಪು ಬೇಕಾ ಅಂತ ಕೇಳಿದ್ರೇ ಉತ್ತರ ಬರೋಕೆ ಅರ್ಧ ಗಂಟೆ ಬೇಕು. ಜನರಲ್ ಎದ್ರಿಗೆ ಎದ್ದು ನಿಂತು ಆಕ್ಷೇಪಣೆ ಹೇಳ್ತಾರಾ? ಅವರೆಲ್ಲ ಹತ್ತೊಂಬತ್ತನೇ ವಯಸ್ಸಲ್ಲಿ ನಿನ್ನಂಥೋರ ಕೈಲೇ ಬೈಸ್ಕೊಂಡು ಬಂದಿರೋರು."

ಲೋಟದಲ್ಲಿ ಕಾಫಿ ಹಾಗೇ ಉಳಿಯಿತು. ತೊರ್ಸ್ತಿ ಕಾರು ಹತ್ತಿದ. ದಡಕ್ಕೆ ಐದು ನಿಮಿಷದ ದಾರಿ.

ದಡದಲ್ಲೊಂದು ಹಲಗೆಯ ಗುಡಿಸಲಿತ್ತು. ಅದರ ಬಾಗಿಲ ಮೇಲೆ ತೌನೊ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಮಂಜುಗಡ್ಡೆಯ ದಪ್ಪ ಬರೆಯುತ್ತಿದ್ದ. ನೇರ ದಾರಿಯುದ್ದಕ್ಕೂ ಹನ್ನೊಂದು ಕಡೆ ತೂತು ಕೊರೆದು, ಹನ್ನೊಂದು ಸಂಖ್ಯೆ. ತೊರ್ಸ್ತಿ ಈ ಬಾಗಿಲನ್ನು ಎಂಟು ತಿಂಗಳಲ್ಲಿ ಒಂದು ಸಲವೂ ನೋಡಿರಲಿಲ್ಲ. "ನನಗೆ ಪುರಾಣ ಬೇಡ, ಒಂದೇ ಒಂದು ಸಂಖ್ಯೆ ಕೊಡಿ" ಎಂದು ಅವನೇ ಹೇಳಿದ್ದರಿಂದ, ರೈಲಿ ಹನ್ನೊಂದನ್ನೂ ಕೂಡಿಸಿ ಭಾಗಿಸಿ ಸರಾಸರಿ ಕೊಡುತ್ತಿದ್ದಳು. ಈ ವಾರದ ಸರಾಸರಿ ಎಪ್ಪತ್ಮೂರು ಸೆಂಟಿಮೀಟರ್. ತುಂಬಿದ ಲಾರಿಗೆ ಎಪ್ಪತ್ತು ಸಾಕು.

ಬಾಗಿಲ ಮೇಲೆ ಎಪ್ಪತ್ತಾರು, ಎಪ್ಪತ್ತೈದು, ಎಪ್ಪತ್ತೇಳು ಎಂದು ಸಾಲಾಗಿ ಬರೆದಿತ್ತು. ಏಳನೆಯ ತೂತಿನ ಎದುರು ನಲವತ್ತಾರು. ಅದರ ಕೆಳಗೆ ತೌನೊ ಎರಡು ಗೆರೆ ಎಳೆದಿದ್ದ. ಏಳನೆಯದು ಗಂಟಲು.

ತೊರ್ಸ್ತಿ ವೆಸಾಗೆ ಫೋನು ಮಾಡಿದ. ಗುಡಿಸಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಚೀಲದೊಳಗೆ ಅದು ರಿಂಗಾಯಿತು. ಸರೋವರಕ್ಕಿಳಿಯುವ ಡ್ರೈವರುಗಳ ಪದ್ಧತಿ ಅದು: ಫೋನು ದಡದಲ್ಲೇ ಬಿಡುವುದು, ರೇಡಿಯೋ ಆರಿಸುವುದು, ಸೀಟು ಬೆಲ್ಟು ಬಿಚ್ಚಿ, ಬಾಗಿಲು ಅರ್ಧ ತೆರೆದುಕೊಂಡು, ಅಡಿಯಲ್ಲಿ ಮಂಜುಗಡ್ಡೆ ಏನನ್ನುತ್ತದೆ ಎಂದು ಕಿವಿಗೊಟ್ಟು ನಿಧಾನವಾಗಿ ಓಡಿಸುವುದು. ಬಿರುಕು ಬಿಟ್ಟರೆ ಹೊರಗೆ ಹಾರಲು ಒಂದು ಅವಕಾಶ.

ಒಂಬತ್ತೂ ಇಪ್ಪತ್ತು. ಖಾಲಿ ಲಾರಿ ಎಂಟಕ್ಕೇ ದ್ವೀಪಕ್ಕೆ ಹೋಗಿದೆ. ತುಂಬಿಸಲು ಒಂದೂವರೆ ಗಂಟೆ. ಹತ್ತರ ಸುಮಾರಿಗೆ ಪೂರ್ತಿ ಭಾರ ಹೊತ್ತು ಗಂಟಲಿಗೆ ಬರುತ್ತದೆ.

ಕಾರನ್ನು ಕೆಳಗೆ ಇಳಿಸುವಂತಿಲ್ಲ. ತುಂಬಿದ ಲಾರಿ ಎದುರಿನಿಂದ ಬರುವಾಗ ಈಚೆಯಿಂದ ಇನ್ನೊಂದು ಗಾಡಿ ಹೋದರೆ ಅಡಿಯ ನೀರಿನಲ್ಲಿ ಅಲೆಯೆದ್ದು ಗಟ್ಟಿ ಮಂಜುಗಡ್ಡೆಯೂ ಸೀಳುತ್ತದೆ. ಗುಡಿಸಲಿಗೆ ಒಂದು ಒದೆಗಾಡಿ ಒರಗಿಸಿತ್ತು. ಎರಡು ಉದ್ದ ಕಬ್ಬಿಣದ ಪಟ್ಟಿ, ಮುಂದೆ ಪುಟ್ಟ ಕುರ್ಚಿ, ಹಿಂದೆ ಹಿಡಿ. ಒಂದು ಕಾಲು ಊರಿ ಇನ್ನೊಂದರಲ್ಲಿ ಒದೆಯುತ್ತ ಊರಿನ ಅಜ್ಜಿಯರು ಅಂಗಡಿಗೆ ಹಾಲು ತರಲು ಹೋಗುವ ಗಾಡಿ. ಒಂದು ಕಾಲದಲ್ಲಿ ಟ್ಯಾಂಕುಗಳ ಸಾಲಿಗೆ ಸೆಲ್ಯೂಟ್ ಸ್ವೀಕರಿಸಿದ್ದ ಅರವತ್ತರ ಮನುಷ್ಯ ಅದನ್ನು ಹತ್ತಿ, ಕೋಟಿನ ಗುಂಡಿ ಬಿಚ್ಚಿಕೊಂಡು ಒದೆಯತೊಡಗಿದ.

ಎದುರಿಗೆ ಬರೀ ಕಾವಳ. ಬೆಚ್ಚಗಿನ ಗಾಳಿಗೆ ಹಿಮವೆಲ್ಲ ಹೊಗೆಯಾಡುತ್ತಿತ್ತು. ಇಪ್ಪತ್ತು ಹೆಜ್ಜೆಯಾಚೆ ಏನೂ ಕಾಣದು. ದಾರಿಯ ಗುರುತಿಗೆಂದು ಹಿಮದಲ್ಲಿ ನೆಟ್ಟಿದ್ದ ಮರದ ಕೊಂಬೆಗಳು ಒಂದೊಂದಾಗಿ ಎದುರಾಗಿ ಹಿಂದೆ ಸರಿಯುತ್ತಿದ್ದವು.

ಇಪ್ಪತ್ತೈದು ವರ್ಷದ ಹಿಂದೆ ಇಂಥದೇ ಮಾರ್ಚ್. ಅವನಾಗ ಮೇಜರ್. ಉತ್ತರದ ಗಡಿಯಲ್ಲಿ ಚಳಿಗಾಲದ ಕವಾಯತು. ಹೆಪ್ಪುಗಟ್ಟಿದ ನದಿಯ ದಂಡೆಯಲ್ಲಿ ನಿಂತು "ನೇರ ದಾಟಿ" ಎಂದಿದ್ದ. ಆಕ್ಷೇಪಣೆ ಇದೆಯಾ ಎಂದೂ ಕೇಳಿದ್ದ. ಹೊಸದಾಗಿ ಬಂದ ಲೆಫ್ಟಿನೆಂಟ್, ಇಪ್ಪತ್ನಾಲ್ಕು ವರ್ಷದ ಇಲ್ಮಾರಿ ಸೊರ್ವಾಲಿ, ಸೆಲ್ಯೂಟ್ ಹೊಡೆದು ಹಿಮಗಾಡಿ ಹತ್ತಿ ಹೊರಟ. ನದಿಯ ನಡುವೆ ಗಾಡಿ ಮುಳುಗಿತು. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ, ತಪ್ಪು ಯಾರದೂ ಅಲ್ಲ ಎಂದು ವಿಚಾರಣಾ ಸಮಿತಿ ಬರೆಯಿತು. ತೊರ್ಸ್ತಿ ಮುಂದೆ ಕರ್ನಲ್ ಆದ, ಜನರಲ್ ಆದ. ಪ್ರತಿ ಕ್ರಿಸ್‌ಮಸ್ ಸಂಜೆ ಮುನ್ನೂರು ಕಿಲೋಮೀಟರ್ ಕಾರು ಓಡಿಸಿ ಇಲ್ಮಾರಿಯ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚಿಟ್ಟು ಬರುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಸೈನ್ಯ ಬಿಟ್ಟು ಸಾಮಿಲ್ಲಿನ ಕೆಲಸ ಒಪ್ಪಿಕೊಂಡದ್ದೇ ಇದಕ್ಕೆ: ಇಲ್ಲಿ ತಪ್ಪಾದರೆ ಮರ ಹೋಗುತ್ತದೆ, ಮನುಷ್ಯರು ಹೋಗುವುದಿಲ್ಲ ಎಂದು.

ಈಗ ನೋಡಿದರೆ ಅದೇ ಮಾರ್ಚ್, ಅದೇ ಮಾತು.

"ವೆಸಾ!" ಎಂದು ಕೂಗಿದ. ಕಾವಳ ಆ ಕೂಗನ್ನು ಅಲ್ಲೇ ನುಂಗಿತು. ಆ ಹುಡುಗನಿಗೆ—ಅಲ್ಲ, ಈಗವನು ನಲವತ್ನಾಲ್ಕರ ಗಂಡಸು—ಇಬ್ಬರು ಹೆಣ್ಣುಮಕ್ಕಳು. ಸಣ್ಣವಳು ಕಳೆದ ವಾರವಷ್ಟೇ ಬಂದು, ಹಿಮಜಾರಾಟದ ಪಂದ್ಯಕ್ಕೆ ಚಂದಾ ಎಂದು ಇವನ ಕೈಗೆ ಬಿಸ್ಕತ್ತಿನ ಡಬ್ಬಿ ಮಾರಿ ಹೋಗಿದ್ದಳು. ದೇವರೇ, ಇನ್ನೊಂದು ಸಲ ಬೇಡ, ಎಂದು ತೊರ್ಸ್ತಿ ಬಾಯಿ ಬಿಟ್ಟೇ ಅಂದ. ಚರ್ಚಿಗೆ ಹೋಗಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿರಲಿಲ್ಲ.

ದೂರದಲ್ಲೆಲ್ಲೋ ಲಾರಿಯ ಸದ್ದು ಕೇಳಿಸಿತು. ತುಂಬಿದ ಲಾರಿ, ಇಂಜಿನ್ನು ನರಳುತ್ತಿತ್ತು. ಅವನು ಇನ್ನೂ ಜೋರಾಗಿ ಒದ್ದ. ಬೂಟು ಜಾರಿ ಮಂಡಿ ನೆಲಕ್ಕೆ ಬಡಿಯಿತು. ಎದ್ದು ಮತ್ತೆ ಒದ್ದ. ಸದ್ದು ಒಂದು ಗಳಿಗೆ ಹತ್ತಿರವಾದಂತೆನಿಸಿತು.

ಆಮೇಲೆ ಥಟ್ಟನೆ ನಿಂತುಹೋಯಿತು.

ಒಂದು, ಎರಡು, ಮೂರು. ಸದ್ದಿಲ್ಲ. ನಾಲ್ಕು, ಐದು. ಮಂಜುಗಡ್ಡೆಯ ಮೇಲೆ ಲಾರಿ ನಿಲ್ಲಿಸುವವರು ಯಾರೂ ಇಲ್ಲ. ಲಾರಿ ಅಲ್ಲಿ ಸದ್ದು ನಿಲ್ಲಿಸುವುದು ಒಂದೇ ಕಾರಣಕ್ಕೆ. ತೊರ್ಸ್ತಿ ಒದೆಗಾಡಿಯನ್ನು ಅಲ್ಲೇ ಬಿಸಾಕಿ ಓಡಿದ.

ಗಂಟಲು ಸಿಕ್ಕಿತು. ಬಿಳಿಯ ನಡುವೆ ಕಪ್ಪಗೆ, ಒದ್ದೆಯಾಗಿ, ಚಾಪೆಯಷ್ಟಗಲದ ನಾಲ್ಕೈದು ಮಚ್ಚೆಗಳು. ಅವನು ಹೊಟ್ಟೆಯ ಮೇಲೆ ಮಲಗಿ ತೆವಳಿ ಹೋಗಿ ಇಣುಕಿದ. ಮರದ ತುಂಡು ತೇಲುತ್ತಿಲ್ಲ, ಎಣ್ಣೆ ಇಲ್ಲ, ಒಡೆದ ಅಂಚು ಇಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಚಕ್ರದ ಗುರುತೇ ಇಲ್ಲ. ಗಂಟಲಿನ ಆಚೆಗೂ ಈಚೆಗೂ ಹಿಮದ ಹೊದಿಕೆ ಹಾಗೇ ಇತ್ತು. ತೂತು ಕೊರೆಯಲು ಬಂದ ತೌನೊನ ಬೂಟಿನ ಗುರುತು, ನರಿಯೊಂದು ನಡೆದುಹೋದ ಹೆಜ್ಜೆ ಬಿಟ್ಟರೆ ಎರಡು ತಿಂಗಳಿಂದ ಇಲ್ಲಿ ಯಾವ ಗಾಡಿಯೂ ಹಾದಿರಲಿಲ್ಲ.

ತೊರ್ಸ್ತಿ ಮೆಲ್ಲಗೆ ಎದ್ದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಓಡುವ ರಭಸದಲ್ಲಿ ನೋಡದೇ ಹೋಗಿದ್ದುದು ಈಗ ಕಂಡಿತು. ಇನ್ನೂರು ಹೆಜ್ಜೆ ಹಿಂದೆ ಲಾರಿಯ ಆಳವಾದ ಜಾಡು ಎಡಕ್ಕೆ ಹೊರಳಿತ್ತು. ಅದರ ಉದ್ದಕ್ಕೂ ಅಚ್ಚುಕಟ್ಟಾಗಿ ಸ್ಪ್ರೂಸ್ ಮರದ ಕೊಂಬೆಗಳನ್ನು ನೆಟ್ಟಿದ್ದರು. ಒಂದು ಕೊಂಬೆ ಮುಟ್ಟಿದ. ಒಣಗಿದ ಸೂಜಿಯೆಲೆ ಉದುರಿ ಹಿಮದ ಮೇಲೆ ಬಿತ್ತು. ಇವತ್ತು ನಿನ್ನೆ ನೆಟ್ಟದ್ದಲ್ಲ.

ಜಾಡು ಹಿಡಿದು ನಡೆದ. ಹರಕ್ಕಾ ಗುಡ್ಡೆಯ ಹಿಂಬದಿಯ ದಡದಲ್ಲಿ, ಗಟ್ಟಿ ನೆಲದ ಮೇಲೆ, ಲಾರಿ ನಿಂತಿತ್ತು. ಪಕ್ಕದಲ್ಲಿ ಬೆಂಕಿ. ತೌನೊ ಕಡ್ಡಿಗೆ ಚುಚ್ಚಿದ ಸಾಸೇಜು ಸುಡುತ್ತಿದ್ದ. ವೆಸಾ ಮಸಿ ಹಿಡಿದ ಕೆಟಲಿನಿಂದ ಕಾಫಿ ಬಗ್ಗಿಸುತ್ತಿದ್ದ. ಕಾವಳದೊಳಗಿಂದ, ಟೋಪಿಯಿಲ್ಲದೆ, ಎದೆಯೆಲ್ಲ ಒದ್ದೆಯಾಗಿ ಬಂದ ಜನರಲ್‌ನನ್ನು ಕಂಡು ಇಬ್ಬರೂ ಎದ್ದು ನಿಂತರು. ವೆಸಾನ ಹಿಮ್ಮಡಿಗಳು ಸೈನಿಕನ ಹಾಗೆ ತಾವಾಗಿಯೇ ಕೂಡಿಕೊಂಡವು.

"ಬದುಕಿದ್ದೀಯ" ಎಂದ ತೊರ್ಸ್ತಿ. ಕುಂಟುತ್ತ ಬಂದು ಅಲ್ಲೇ ಒಂದು ಮರದ ತುಂಡಿನ ಮೇಲೆ ಕೂತ. ಕೂತು ಅತ್ತ. ಅದನ್ನು ನೋಡಬಾರದೆಂದು ತೌನೊ ಸಾಸೇಜಿನ ಕಡೆ ಬಹಳ ಗಮನ ಕೊಟ್ಟ.

"ಯಾವಾಗಿನಿಂದ?" ಎಂದು ಕೊನೆಗೆ ತೊರ್ಸ್ತಿ ಕೇಳಿದ.

ತೊರ್ಸ್ತಿ ಈ ಸಲ ಎಣಿಸಲಿಲ್ಲ. ಬೆಂಕಿಯಲ್ಲಿ ಒಂದು ಕೊಳ್ಳಿ ಉರಿದು ಮುರಿದು ಬಿತ್ತು.

"ಮೊದಲನೇ ದಿನದಿಂದ" ಎಂದ ತೌನೊ. "ಅಲ್ಲಿ ಅಡೀಲಿ ಸೆಳವು ಐತೆ. ನಮ್ಮಪ್ಪನ ಕಾಲದಲ್ಲಿ ಎರಡು ಕುದುರೆ ಹೋಗಿದಾವೆ. ಸುತ್ತು ದಾರೀಲಿ ಎಂಬತ್ತಕ್ಕೆ ಕಮ್ಮಿ ಇಲ್ಲ, ನಾನೇ ಮೇಲೆ ನೀರು ಹಾಯಿಸಿ, ಅದು ಹೆಪ್ಪುಗಟ್ಟಿ ದಪ್ಪ ಆಗೋ ಹಂಗೆ ಮಾಡಿಸಿದೀನಿ. ನಿಮಗೆ ನೇರ ದಾರೀನೇ ಬೇಕಿತ್ತು, ಕಾಗದದಲ್ಲಿ ಕೊಟ್ವಿ."

"ರೈಲಿಗೂ ಗೊತ್ತಾ?"

"ಕಾಗದ ಬರೆಯೋಳು ಅವಳೇ ಅಲ್ವಾ?"

"ಮತ್ತೆ ಬೆಳಿಗ್ಗೆ ಐದಕ್ಕೆ ಶುರುಮಾಡುತ್ತಿದ್ದದ್ದು?"

"ಸುತ್ಕೊಂಡು ಬಂದ್ರೂ ಲೆಕ್ಕದ ಟ್ರಿಪ್ಪು ಆಗ್ಬೇಕಲ್ಲ" ಎಂದ ವೆಸಾ ಮುಖ ಕೆಳಗೆ ಹಾಕಿ.

"ಲೆಂಪಿ ನನಗೆ ಹೇಳಿದಳು, ನಿನ್ನ ಬೂಟು ಒದ್ದೆ ಅಂತ."

"ಅವಳಿಗೆ ಪೂರ್ತಿ ಹೇಳಿದ್ರೆ ಪೇಪರ್ನಾಗೆ ಹಾಕ್ಸಿದಂಗೇ" ಎಂದು ತೌನೊ ಗೊಣಗಿದ. "ಇವತ್ತು ಬಾಯಿ ಬಿಡಾನ ಅಂತಲೇ ಬಂದಿದ್ದೆ. ಬಾಗಿಲ ತನಕ ಬಂದು ಆಗ್ಲಿಲ್ಲ. ಅದಕ್ಕೇ ಕಾಫೀನೂ ಬೇಡ ಅನ್ನಿಸ್ತು."

ತೊರ್ಸ್ತಿಗೆ ಸಿಟ್ಟು ಬರಬೇಕಿತ್ತು. ಎರಡು ತಿಂಗಳು ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದಾನೆ. ಆದರೆ ಎದುರಿಗೆ ವೆಸಾ ಕಾಫಿ ಹಿಡಿದು ನಿಂತಿದ್ದ, ಮೂಗಿನಿಂದ ಉಸಿರು ಹೊಗೆಯಾಗಿ ಬರುತ್ತಿತ್ತು, ಅದಕ್ಕಿಂತ ಒಳ್ಳೆಯದನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

"ಹತ್ತಿ" ಎಂದ ವೆಸಾ. "ದಡಕ್ಕೆ ಬಿಡ್ತೀನಿ. ಕಾಲು ಸರಿ ಇಲ್ಲ ನಿಮ್ಮದು."

ತೌನೊನನ್ನು ಬೆಂಕಿಯ ಬಳಿ ಬಿಟ್ಟು ಲಾರಿ ಮೆಲ್ಲಗೆ ಮಂಜುಗಡ್ಡೆಗೆ ಇಳಿಯಿತು. ಇಬ್ಬರೂ ಬೆಲ್ಟು ಹಾಕಿಕೊಳ್ಳಲಿಲ್ಲ. ಎರಡೂ ಬಾಗಿಲು ಅರ್ಧ ತೆರೆದಿದ್ದವು. ಅಡಿಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಗಟ್ಟಿ ಮಂಜುಗಡ್ಡೆಯ ಸದ್ದು. ಕೊಂಬೆಗಳು ಒಂದೊಂದಾಗಿ ಬಂದು ಹೋದವು.

"ಸೈನ್ಯದಲ್ಲೂ ಹೀಗೇ ಮಾಡ್ತಿದ್ರಾ?" ಎಂದು ಕೇಳಿದ ತೊರ್ಸ್ತಿ. ವೆಸಾ ಇಲ್ಮಾರಿ ಸತ್ತ ವರ್ಷ ತನ್ನದೇ ತುಕಡಿಯಲ್ಲಿ ಕಡ್ಡಾಯ ಸೇವೆಗೆ ಬಂದಿದ್ದವನು ಎಂಬುದು ಮೊದಲ ದಿನದಿಂದ ಇಬ್ಬರಿಗೂ ಗೊತ್ತಿತ್ತು. ಒಂದು ಸಲವೂ ಆ ಮಾತು ತೆಗೆದಿರಲಿಲ್ಲ.

"ಮಾಡ್ತಿದ್ವಿ. ಮೊದಲನೇ ರಾತ್ರೀನೇ ಸಾರ್ಜೆಂಟು ಕೂರಿಸ್ಕೊಂಡು ಹೇಳ್ಕೊಡ್ತಿದ್ದ. ಮೇಜರ್ ಹಾಪಕೋಸ್ಕಿ ನೇರ ಅಂದ್ರೆ, ಆಯ್ತು ಸಾರ್ ಅನ್ನು, ಕಣ್ಮರೆ ಆದ್ಮೇಲೆ ಸುತ್ತಿ ಹೋಗು ಅಂತ. ಎಲ್ರಿಗೂ ಗೊತ್ತಿತ್ತು."

ತೊರ್ಸ್ತಿ ಗಾಜಿನಾಚೆ ನೋಡುತ್ತಿದ್ದ. "ಇಲ್ಮಾರಿ ಸೊರ್ವಾಲಿಗೆ?"

ಐದಾರು ಕೊಂಬೆ ಹಿಂದೆ ಸರಿದವು.

"ಅವರು ಬಂದು ಎರಡೇ ದಿನ ಆಗಿತ್ತು. ಆಫೀಸರ್ ಬೇರೆ, ನಮ್ಮಂಥೋರು ಹೋಗಿ ಹೇಳೋಕಾಗುತ್ತಾ? ಯಾರೂ ಹೇಳಿರ್ಲಿಲ್ಲ" ಎಂದ ವೆಸಾ. "ಗಾಡಿ ಹತ್ತೋಕೆ ಮುಂಚೆ ನಮ್ಮ ಕಡೆ ತಿರುಗಿ ಕೇಳಿದ್ರು. ಈ ನದಿ ನಿಮಗೆ ಗೊತ್ತಲ್ಲ, ಭಾರ ತಡೆಯುತ್ತಾ ಅಂತ. ನಾವು ಆರು ಜನ ಇದ್ವಿ. ನಾನು ಮುಂದೇನೇ ಇದ್ದೆ."

"ಏನಂದ್ರಿ?"

"ಏನೂ ಅನ್ಲಿಲ್ಲ. ನೀನು ಹತ್ತು ಹೆಜ್ಜೆ ಆಚೆ ಗಡಿಯಾರ ನೋಡ್ತಾ ನಿಂತಿದ್ದೆ."

ಗಂಟಲಿನ ಕಡೆಗೆ ಹೋಗುವ ಹಳೆಯ ತಿರುವು ಬಲಕ್ಕೆ ಕಾಣಿಸಿತು. ಲಾರಿ ಕೊಂಬೆಗಳ ಗುರುತು ಹಿಡಿದು ದಡದ ಕಡೆ ಹೊರಳಿತು. ತೆರೆದ ಬಾಗಿಲಿನಿಂದ ಗಾಳಿ ಬರುತ್ತಿತ್ತು, ಇಬ್ಬರೂ ಮಂಜುಗಡ್ಡೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.